ಬೆಕನ್‌ಟ್ರೀ: ಕಾರ್ಮಿಕರ ಮನೆ, ಅಂಗಳ ಮತ್ತು ಪ್ರಿವೆಟ್ ಬೇಲಿ

ಲಂಡನ್ನಿನ ಪೂರ್ವದ ಅಂಚಿನಲ್ಲಿ ಮೈಲಿಗಟ್ಟಲೆ ಹಬ್ಬಿರುವ ಸಾಲುಮನೆಗಳ ಬಡಾವಣೆ ಬೆಕನ್‌ಟ್ರೀ. 1921ರಿಂದ 1935ರ ಹೊತ್ತಿಗೆ ಆಗಿನ ನಗರಾಡಳಿತವಾದ ಲಂಡನ್ ಕೌಂಟಿ ಕೌನ್ಸಿಲ್ ಇಲ್ಲಿ 25,000ಕ್ಕೂ ಹೆಚ್ಚು ಬಾಡಿಗೆ ಮನೆ ಕಟ್ಟಿತು. ಮೊದಲ ಮಹಾಯುದ್ಧ ಮುಗಿಸಿ ಬಂದವರಿಗೆ ಒಳ್ಳೆಯ ಮನೆ ಕೊಡುತ್ತೇವೆಂದು ಸರ್ಕಾರ ಮಾತು ಕೊಟ್ಟಿತ್ತು. ಕಾರ್ಮಿಕರ ಮನೆ ಹೇಗಿರಬೇಕೆಂದು ಹೇಳಿದ 1918ರ ಸರ್ಕಾರಿ ವರದಿ, ಟ್ಯೂಡರ್ ವಾಲ್ಟರ್ಸ್ ವರದಿ, ಅಳತೆ ಹಾಕಿಕೊಟ್ಟಿತು: ಪಟ್ಟಣದಲ್ಲಿ ಎಕರೆಗೆ 12 ಮನೆ, ಎದುರುಬದುರು ಸಾಲುಗಳ ನಡುವೆ 70 ಅಡಿ. ಇಲ್ಲಿ ಚಳಿಗಾಲದ ಸೂರ್ಯ ಹೆಚ್ಚು ಮೇಲೇರುವುದಿಲ್ಲ. ಅಷ್ಟು ಜಾಗ ಬಿಟ್ಟರಷ್ಟೇ ಕೆಳಗಿನ ಕಿಟಕಿಗೆ ಬಿಸಿಲು ಬಿದ್ದೀತು. ಹಾಗೆ ಉಳಿದ ನೆಲವೇ ಮುಂದೆ ಅಂಗಳ, ಹಿಂದೆ ಹಿತ್ತಲು.

ಲಂಡನ್ನಿನ ಬಡ ಕಾರ್ಮಿಕರ ಕೇರಿಯಾದ ಈಸ್ಟ್ ಎಂಡ್‌ನ ಇಕ್ಕಟ್ಟಿನಿಂದ ಬಂದ ಸಂಸಾರಗಳಿಗೆ ಇದು ದೊಡ್ಡ ಏರಿಕೆ. ಜೊತೆಗೆ ಕಟ್ಟುಪಾಡೂ ಇತ್ತು: ಅಂಗಳ ಚೊಕ್ಕಟವಾಗಿಡುವುದು ಬಾಡಿಗೆಯ ಷರತ್ತು. ಚೆಂದದ ತೋಟಕ್ಕೆ ಬಹುಮಾನವೂ ಇತ್ತು. ಬಡವರಿಗೆ ಅಂಗಳವೇಕೆ ಎನ್ನದೆ ಕೊಟ್ಟ ಆ ನೆಲವನ್ನು ನಾನು ದೊಡ್ಡ ಕೆಲಸವೆಂದೇ ತಿಳಿಯುತ್ತೇನೆ.

ಅಂಗಳದ ಗುರುತೇ ಪ್ರಿವೆಟ್ ಬೇಲಿ, ಅಂದರೆ ಪ್ರಿವೆಟ್ ಎಂಬ ಪೊದೆಗಿಡವನ್ನು ಒತ್ತಾಗಿ ನೆಟ್ಟು ಸವರಿ ಬೆಳೆಸಿದ ಹಸಿರು ಬೇಲಿ. ಬೇರಿಗೆ ಮಣ್ಣಿಲ್ಲದ ಸಸಿಯನ್ನು ನವೆಂಬರ್–ಮಾರ್ಚ್ ನಡುವೆ, ನೆಲ ಹೆಪ್ಪುಗಟ್ಟದ ದಿನ, ಅಡಿಗೊಂದರಂತೆ ನೆಡಬೇಕು. ನೆಟ್ಟ ಕೂಡಲೇ ಎತ್ತರದ ಅರ್ಧದಷ್ಟು ಕತ್ತರಿಸಬೇಕು. ಮನಸ್ಸಾಗದೆ ಬಿಟ್ಟರೆ ಗಿಡ ಮೇಲಕ್ಕೆ ಓಡುತ್ತದೆ, ಬುಡ ಬೋಳಾಗುತ್ತದೆ. ಆಮೇಲೆ ಬೇಸಿಗೆಯಲ್ಲಿ ಎರಡು ಮೂರು ಸಲ ಸವರಿದರೆ ಸಾಕು, ಹಕ್ಕಿಗೂಡು ಇಲ್ಲವೆಂದು ನೋಡಿಕೊಂಡು. ಬುಡ ಅಗಲ, ನೆತ್ತಿ ಕಿರಿದು ಇರಬೇಕು. ನೆತ್ತಿ ಅಗಲವಾದರೆ ಕೆಳಗಿನ ಎಲೆಗೆ ಬೆಳಕು ಸಿಗದು.

ಸಾಲಿನಲ್ಲಿ ಒಂದು ಗಿಡ ಒಣಗಿ, ಪಕ್ಕದ್ದೂ ಬಾಡಿದರೆ ಬುಡದ ತೊಗಟೆ ಕೆರೆದು ನೋಡಿ. ಒಳಗೆ ಅಣಬೆಯ ವಾಸನೆಯ ಬಿಳಿ ಪದರವಿದ್ದರೆ ಅದು ಬೇರು ಕೊಳೆಸುವ ಶಿಲೀಂಧ್ರ, ಹನಿ ಫಂಗಸ್ (honey fungus). ಇದಕ್ಕೆ ಔಷಧಿಯಿಲ್ಲ. ಬೇರುಸಹಿತ ಕಿತ್ತುಹಾಕಬೇಕು, ಅಲ್ಲಿ ಮತ್ತೆ ಪ್ರಿವೆಟ್ ನೆಡಬಾರದು.

1980ರ ವಸತಿ ಕಾಯ್ದೆಯಿಂದ ಬಾಡಿಗೆದಾರರು ಮನೆ ಕೊಳ್ಳತೊಡಗಿದರು. ಕಾರೂ ಬಂತು, ಅದನ್ನು ಅಂಗಳದಲ್ಲಿ ನಿಲ್ಲಿಸಲು ಎಷ್ಟೋ ಬೇಲಿಗಳು ಹೋದವು. ಈ ಕಡೆ ಮನೆ ಕೊಳ್ಳುವ ನಮ್ಮವರೂ ತಿಳಿದಿರಬೇಕು: 2008ರಿಂದ ಇಂಗ್ಲೆಂಡಿನಲ್ಲಿ ಮುಂದಿನ ಅಂಗಳಕ್ಕೆ 5 ಚದರ ಮೀಟರ್‌ಗಿಂತ ಹೆಚ್ಚು ಜಾಗದಲ್ಲಿ ನೀರು ಇಂಗದ ಹಾಸು ಹಾಕಿ ಮಳೆನೀರನ್ನು ರಸ್ತೆಗೆ ಬಿಡುವುದಾದರೆ ಅನುಮತಿ ಬೇಕು. ಚಕ್ರ ಹಾಯುವಲ್ಲಿ ಮಾತ್ರ ಎರಡು ಪಟ್ಟಿ ಕಲ್ಲು ಹಾಸಿ, ಉಳಿದಲ್ಲಿ ಜಲ್ಲಿ ಹರಡಿ, ಪಕ್ಕದ ಬೇಲಿ ಹಾಗೇ ಬಿಡಿ. ಕಾರು ಹತ್ತಿಸಲು ಫುಟ್‌ಪಾತ್ ಅಂಚು ತಗ್ಗಿಸಬೇಕಾದರೆ ಕೌನ್ಸಿಲ್ಲಿನ ಅನುಮತಿ ಬೇರೆಯೇ ಪಡೆಯಬೇಕು.