ಅಡುಗೆಮನೆಯ ಕಿತ್ತಿಕೊ–ಹಚ್ಚಿಕೊ

ಜನವರಿ 12, 2025

ಅಡಿಕೆ ಕೊನೆಕೊಯ್ಲಿನ ಗಡಿಬಿಡಿಯ ನಡುವೆ, ಬಳಸಿ ಎಸೆಯುವ ಕಾಗದವನ್ನು ಮನೆಯಿಂದ ಹೊರಗಟ್ಟುವಂಥ ಕೆಲಸಕ್ಕೆ ಕೈಹಾಕಬಾರದಿತ್ತು. ಆದರೆ ಮೊನ್ನೆ ತೋಟದ ಅಂಚಿನಲ್ಲಿ ಚಹಾ ಕುಡಿದು ಎಸೆದ ಕಾಗದದ ಲೋಟಗಳನ್ನು ಆರಿಸುತ್ತಿದ್ದಾಗ ಎದುರಿಗೇ ಅಕೇಶಿಯಾ ಗುಡ್ಡ ನಿಂತಿತ್ತು. 2020ರಲ್ಲಿ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ, ಕಾಗದದ ತಿರುಳಿಗೆ ಬೇಕಾದ ಮರ ಬೆಳೆಸಲು, 1980ರಲ್ಲಿ 40 ವರ್ಷಕ್ಕೆ ಕೊಟ್ಟಿದ್ದ ಅರಣ್ಯಭೂಮಿಯ ಗುತ್ತಿಗೆ ಮುಗಿದು, ಸರ್ಕಾರ ಅದನ್ನು ಮತ್ತೆ 40 ವರ್ಷಕ್ಕೆ ಮುಂದುವರಿಸಿದ ವರ್ಷ ಅದು. ಕಾರ್ಖಾನೆಯಲ್ಲಿ ಕಾಗದ ತಯಾರಿ 2015ರಲ್ಲೇ ನಿಂತಿತ್ತು. ಅಂದು ಸಹಿ ಹಾಕಿ ಮನೆಗೆ ಬಂದವನು ಊಟ ಮಾಡಿ ಅದೇ ಕೈಯನ್ನು ಟಿಶ್ಯೂವಿನಲ್ಲಿ ಒರೆಸಿಕೊಂಡಿದ್ದೆ!

ಮನೆಯಲ್ಲಿ ಏನೇನಿದೆ ಎಂದು ನೋಡಿದೆ. ಅಡುಗೆಮನೆಯ ಒರೆಸುವ ರೋಲ್ ತಿಂಗಳಿಗೆ 2, ಟಿಶ್ಯೂ ಪೊಟ್ಟಣ 3. ಕೊಯ್ಲಿನ ದಿನಗಳಲ್ಲಿ ಕಾಗದದ ಲೋಟ ದಿನಕ್ಕೆ 50ರ ಒಂದು ಕಟ್ಟು. ಕಳೆದ ವರ್ಷದ ಸತ್ಯನಾರಾಯಣ ಪೂಜೆಯಲ್ಲಿ ಉಳಿದ ಬೆಳ್ಳಿಬಣ್ಣದ ಕಾಗದದ ತಟ್ಟೆ ಒಂದು ಚೀಲ. ಬಚ್ಚಲುಮನೆಯಲ್ಲಿ ನೀರಿರುವುದರಿಂದ ಟಾಯ್ಲೆಟ್ ಪೇಪರಿನ ತಾಪತ್ರಯ ನಮಗಿಲ್ಲ.

ಜನವರಿ 19

ಮೊದಲು ಹುಡುಕಿದ್ದು ಬೇರೆ ಕಂಪನಿಯನ್ನು. ಪೊಟ್ಟಣಗಳ ಹಿಂಭಾಗ ಓದಿದರೆ ಹೆಚ್ಚಿನವುಗಳ ಮೇಲೆ ‘100% ವರ್ಜಿನ್ ಪಲ್ಪ್’ ಎಂದು ಜಂಬದಿಂದ ಬರೆದಿದೆ. ಅಂದರೆ ಹಳೆಯ ಕಾಗದದ ಬೆರಕೆಯಿಲ್ಲ, ಎಲ್ಲವೂ ಹೊಸ ತಿರುಳು. ಯಾವ ಮರ, ಯಾವ ಊರಿನದು? ಅದು ಎಲ್ಲಿಯೂ ಇಲ್ಲ. ಒಂದು ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಆ ಹುಡುಗಿ ಪಾಪ, ‘ತುಂಬಾ ಮೃದುವಾಗಿದೆ ಸರ್’ ಎಂದಳು. ಇನ್ನೊಂದು ಕಂಪನಿಯ ಬಿದಿರಿನ ರೋಲ್ ತರಿಸಿದೆ. ಬಿದಿರು ಎಲ್ಲಿಯದೆಂದು ಅದರಲ್ಲೂ ಬರೆದಿಲ್ಲ, ಮೇಲೆ ಎರಡು ಸುತ್ತು ಪ್ಲಾಸ್ಟಿಕ್. ಒಂದು ಅಂಗಡಿಯಿಂದ ಇನ್ನೊಂದಕ್ಕೆ ಅಲೆಯುವುದನ್ನು ಅಲ್ಲಿಗೇ ಬಿಟ್ಟೆ.

1987ರಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಪರಿಸರ ಹೋರಾಟಗಾರ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮತ್ತು ಹಳ್ಳಿಯ ಜನ ಸೇರಿ ಮಾಡಿದ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ನೆನಪಾಯಿತು. ಊರಿನ ಜನ ಬಳಸುತ್ತಿದ್ದ ಜಾಗದಲ್ಲಿ ತಿರುಳಿಗಾಗಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ಜನರಿಗೆ ಉಪಯೋಗಕ್ಕೆ ಬರುವ ಗಿಡಗಳನ್ನು ಹಚ್ಚಿದ್ದರು. ಬರೀ ಕಿತ್ತರೆ ಆ ಜಾಗದಲ್ಲಿ ಮತ್ತೆ ನೀಲಗಿರಿಯೇ ಬರುತ್ತದೆ. ನನ್ನ ಅಡುಗೆಮನೆಗೂ ಇದೇ ಲೆಕ್ಕ.

ಫೆಬ್ರವರಿ 8

ಅಪ್ಪನ ಎರಡು ಹಳೆಯ ಪಂಚೆಗಳನ್ನು ಗೇಣುದ್ದ ಗೇಣಗಲ ಕತ್ತರಿಸಿ ಅಂಚು ಹೊಲಿಸಿದೆ. 46 ತುಂಡುಗಳಾದವು. ಹೊಸ ಬಟ್ಟೆ ನೀರನ್ನು ಆಚೀಚೆ ಬಳಿಯುತ್ತದೆ ಅಷ್ಟೇ. ನೂರು ಸಲ ಒಗೆದ ಪಂಚೆ ಮುಟ್ಟಿದ ಕೂಡಲೇ ಹೀರಿಕೊಳ್ಳುತ್ತದೆ. ಸ್ವಚ್ಛವಾದವು ಒಂದು ಬುಟ್ಟಿಯಲ್ಲಿ, ಬಳಸಿದವು ಒಲೆಯ ಪಕ್ಕದ ಡಬ್ಬದಲ್ಲಿ. ಅಮ್ಮ ಬುಟ್ಟಿಯನ್ನು ನೋಡಿ, ‘ಮಸಿಅರಿವೆಯನ್ನು ಮಡಚಿಟ್ಟು ಯೋಜನೆ ಎನ್ನುತ್ತೀಯಲ್ಲೋ’ ಎಂದಳು.

ಹಪ್ಪಳ, ಬಜ್ಜಿಯ ಎಣ್ಣೆ ಇಳಿಸಲು ಬಟ್ಟೆ ಹಾಕಿದ್ದು ತಪ್ಪಾಯಿತು. ಎರಡೇ ದಿನಕ್ಕೆ ಕಮಟು ವಾಸನೆ. ಅಂಟುವಾಳ ಹಾಕಿ ಕುದಿಸಿದರೂ ಪೂರ್ತಿ ಹೋಗಲಿಲ್ಲ. ಈಗ ಪಾತ್ರೆಯ ಮೇಲೆ ತೂತಿನ ತಟ್ಟೆ ಇಟ್ಟು ಅದರಲ್ಲಿ ಹಾಕುತ್ತೇವೆ. ಇಳಿದ ಎಣ್ಣೆ ಒಗ್ಗರಣೆಗಾಗುತ್ತದೆ. ಕಾವಲಿಗೆ ಎಣ್ಣೆ ಸವರಲು ಅಮ್ಮ ಮೊದಲಿನಿಂದಲೂ ಬದನೆಕಾಯಿಯ ತೊಟ್ಟನ್ನೇ ಬಳಸುತ್ತಿದ್ದಳು. ಅಲ್ಲಿಗೆ ಟಿಶ್ಯೂ ತಂದವನು ನಾನೇ.

ಮೇ 27

ಮನೆಯಲ್ಲಿ ಪೂಜೆ, 80 ಜನ. ಊಟಕ್ಕೆ ಬಾಳೆಎಲೆ, ಅದರಲ್ಲಿ ಚರ್ಚೆಯೇ ಇಲ್ಲ. ಸಂಜೆಯ ತಿಂಡಿಗೆ ಹಾಳೆತಟ್ಟೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳನ್ನು ಒಟ್ಟುಮಾಡಿ ಪಕ್ಕದ ಊರಿನ ಘಟಕಕ್ಕೆ ಕೊಟ್ಟಿದ್ದೆವು. ನೆನೆಸಿ, ಉಜ್ಜಿ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ಮುಗಿಯಿತು, ಅಂಟು ಗಿಂಟು ಏನೂ ಬೇಡ. ಬಂದವರಲ್ಲಿ ಒಬ್ಬರು, ಅಡಿಕೆಯ ಅಂಶ ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದೇ ತಿಂಗಳು ಹಾಳೆತಟ್ಟೆಯ ಬಗ್ಗೆ ತಕರಾರು ಎತ್ತಿರುವುದನ್ನು ಹೇಳಿದರು. ತಳ್ಳಿಹಾಕುವ ಮಾತಲ್ಲ. ನಿತ್ಯದ ಊಟಕ್ಕೆ ನಮಗೆ ಸ್ಟೀಲ್ ತಟ್ಟೆ ಇದೆ. ಅವಲಕ್ಕಿ, ಬಾಳೆಹಣ್ಣಿಗೆ ವರ್ಷಕ್ಕೊಮ್ಮೆ ಹಾಳೆತಟ್ಟೆ ಸಾಕು ಎಂದು ನನ್ನ ತೀರ್ಮಾನ.

ಜುಲೈ 16

ಸೋತೆ. ಹತ್ತೊಂಬತ್ತು ದಿನಗಳಿಂದ ಬಿಸಿಲಿಲ್ಲ. ಒಗೆದ ತುಂಡುಗಳು ಒಣಗದೆ ಕಪ್ಪು ಚುಕ್ಕೆಯ ಬೂಷ್ಟು ಹಿಡಿದವು, 11 ತುಂಡು ಒಲೆಗೆ ಹೋದವು. ಉಳಿದವನ್ನು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹರವಿದೆ. ಒಣಗಿದವು, ಆದರೆ ಮುಖ ಒರೆಸಿಕೊಂಡರೆ ಹೊಗೆಯ ನಾತ. ಮಗಳು ಶಾಲೆಗೆ ಒಯ್ಯಲು ಒಪ್ಪಲಿಲ್ಲ, ಒತ್ತಾಯಿಸಲಿಲ್ಲ. ಮೂರು ವಾರದ ಮಟ್ಟಿಗೆ ಒಂದು ರೋಲ್ ಮನೆಗೆ ಬಂತು. ಮಳೆಗಾಲಕ್ಕೆ ಬೇರೆ ದಾರಿ ಬೇಕು: ಒಮ್ಮೆಗೆ ಆರೇ ತುಂಡು ಬಳಸಿ, ಅಂದಂದೇ ಕುದಿಸಿ, ಅನ್ನ ಬಸಿದ ಮೇಲೆ ಬಿಸಿ ಒಲೆಕಟ್ಟೆಯ ಮೇಲೆ ಹರವುವುದು. ಈ ವಾರ ಹಾಗೆ ಮಾಡುತ್ತಿದ್ದೇನೆ, ಪರವಾಗಿಲ್ಲ.

ಅಕ್ಟೋಬರ್ 30

ಒರೆಸುವ ರೋಲ್ ಮಳೆಗಾಲದ ಒಂದನ್ನು ಬಿಟ್ಟರೆ ಸೊನ್ನೆ. ಟಿಶ್ಯೂ ಪೊಟ್ಟಣ ಮಾರ್ಚ್‌ನಿಂದ ತಂದಿಲ್ಲ. ಮಗಳ ನೋಟ್‌ಪುಸ್ತಕಗಳ ವಿಷಯದಲ್ಲಿ ಏನೂ ಆಗಿಲ್ಲ. ಹಳೆಯ ಪುಸ್ತಕಗಳ ಖಾಲಿ ಹಾಳೆ ಹೊಲಿದು ಲೆಕ್ಕ ಬಿಡಿಸಲು ಒಂದು ಕಟ್ಟು ಮಾಡಿಕೊಟ್ಟೆ, ಅಷ್ಟೇ.

ಉಳಿದಿರುವುದು ಕೊಯ್ಲಿನ ಚಹಾ. ಅದರ ಬಗ್ಗೆ ಜನವರಿಯಲ್ಲೇ ಹೆಂಡತಿ ಒಂದೇ ಮಾತು ಕೇಳಿದ್ದಳು: ‘ದಿನಕ್ಕೆ ಮೂರು ಸಲ ಅಷ್ಟೂ ಲೋಟ ತೊಳೆಯುವವರು ಯಾರು?’ ಆಗ ಸುಮ್ಮನಾಗಿದ್ದೆ. ಕಾಗದದ ಲೋಟ ನಮ್ಮ ಮನೆಗೆ ಬಂದದ್ದೇ ಅವಳ ಆ ದುಡಿಮೆ ತಪ್ಪಿಸಲು. ಅದನ್ನು ಕಿತ್ತು ಅವಳ ತಲೆಗೆ ಹಚ್ಚಿದರೆ ನನ್ನ ಪ್ರತಿಭಟನೆಯ ಕೂಲಿ ಅವಳು ಕೊಟ್ಟಂತೆ. ಕೆಲಸದವರೊಡನೆ ಮಾತಾಡಿದೆ. ಪ್ರತಿಯೊಬ್ಬರಿಗೂ ಒಂದು ಸ್ಟೀಲ್ ಲೋಟ, ತಳದಲ್ಲಿ ಬಣ್ಣದ ಗುರುತು, ಅಡಿಕೆ ಚಪ್ಪರದ ಕಂಬಕ್ಕೆ ತೂಗುಹಾಕಿದ ಬುಟ್ಟಿ, ಪಕ್ಕದಲ್ಲಿ ನೀರಿನ ಡ್ರಮ್. ಕುಡಿದವರು ತಮ್ಮ ಲೋಟ ತಾವೇ ಗಲಬರಿಸಿ ಇಡುವುದು, ಸಂಜೆ ಎಲ್ಲವನ್ನೂ ಸೋಪು ಹಾಕಿ ತೊಳೆಯುವುದು ನಾನು.

ಮುಂದಿನ ವಾರ ಕೊಯ್ಲು ಶುರು. ಜನ 14, ಲೋಟ 12. ಸಂತೆಯಿಂದ ಇನ್ನೆರಡು ತರಬೇಕು.