ಬೇಸ್ ಮಾಡೆಲ್ 240ಎಸ್‌ಎಕ್ಸ್‌ಗೆ ಟರ್ಬೊ ಎಂಜಿನ್: ನನ್ನ ಗ್ಯಾರೇಜ್ ಡೈರಿ

ಏಪ್ರಿಲ್ 12, ಶನಿವಾರ

ಕೊನೆಗೂ ಹಳೆ ಎಂಜಿನ್ ಹೊರಗೆ ಬಂತು. ಬೆಳಗ್ಗೆ ಒಂಬತ್ತಕ್ಕೆ ಕೈ ಹಾಕಿದ್ದು. ಕ್ರೇನಿನ ಸರಪಳಿಗೆ ಎಂಜಿನ್ ನೇತುಬಿದ್ದಾಗ ಸಂಜೆ ಐದೂವರೆ. ಅದರಲ್ಲಿ ಎರಡು ಗಂಟೆ ಒಂದೇ ಒಂದು ಬೋಲ್ಟಿಗೆ ಹೋಯಿತು. ಗೇರ್‌ಬಾಕ್ಸ್ ಮೇಲ್ಭಾಗದಲ್ಲಿ, ಫೈರ್‌ವಾಲಿಗೆ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ಅಂಟಿಕೊಂಡ ಹಾಗೆ ಇರುವ ಬೋಲ್ಟ್ ಅದು. ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ. ಮೂರು ಎಕ್ಸ್‌ಟೆನ್ಷನ್ ಜೋಡಿಸಿ, ಕಾರಿನ ಕೆಳಗೆ ಮಲಗಿ, ಹಿಂದಿನಿಂದ ಉದ್ದಕ್ಕೆ ತೂರಿಸಿದೆ. ಸಾಕೆಟ್ ಕೂತ ‘ಟಕ್’ ಅನ್ನೋ ಸದ್ದು ಕೇಳಿದಾಗ ಆದ ಖುಷಿ ಎಂಜಿನ್ ಎತ್ತಿದಾಗಲೂ ಆಗಲಿಲ್ಲ.

ಕಾರಿನ ಬಗ್ಗೆ ಹೇಳಿಬಿಡುತ್ತೇನೆ. 1991ರ ನಿಸ್ಸಾನ್ 240ಎಸ್‌ಎಕ್ಸ್, ಹ್ಯಾಚ್‌ಬ್ಯಾಕ್, ಕಣ್ಣು ಬಿಟ್ಟು ಮುಚ್ಚುವ ಪಾಪ್-ಅಪ್ ಹೆಡ್‌ಲೈಟ್. ಬೇಸ್ ಮಾಡೆಲ್. ಎಬಿಎಸ್ ಇಲ್ಲ, ಸನ್‌ರೂಫ್ ಇಲ್ಲ. ನನಗೆ ಬೇಕಾಗಿದ್ದೂ ಅದೇ. ಇಲ್ಲದ್ದು ಕೆಡಲ್ಲ ಅಲ್ವಾ? ನಾನಿರುವುದು ಮಿಶಿಗನ್‌ನ ಟ್ರಾಯ್‌ನಲ್ಲಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಮೂವತ್ತು ವರ್ಷದ ಕಾರು ಊರಲ್ಲೇ ಸಿಕ್ಕರೆ ಅದರಲ್ಲಿ ತುಕ್ಕು ಎಷ್ಟು, ತಗಡು ಎಷ್ಟು ಅಂತ ಹೇಳೋದು ಕಷ್ಟ. ಅದಕ್ಕೇ ಅರಿಜೋನಾದಿಂದ ತರಿಸಿದೆ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿದೆ. ಕೆಳಗೆ ಮಾತ್ರ ಕ್ಲೀನು.

ಈ ಕಾರಿನ ಕಥೆಯೇ ಒಂಥರಾ. ಜಪಾನಿನಲ್ಲಿ ಇದೇ ಕಾರು 180ಎಸ್‌ಎಕ್ಸ್. ಅಲ್ಲಿ ಮೊದಲು 1.8 ಲೀಟರ್ ಟರ್ಬೊ (ಹೊರಹೋಗುವ ಹೊಗೆಯ ಬಲದಲ್ಲಿ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ) ಎಂಜಿನ್ ಬರುತ್ತಿತ್ತು, ಅದಕ್ಕೇ 180. 1991ರಲ್ಲಿ 2 ಲೀಟರ್ ಟರ್ಬೊ ಬಂದರೂ ಹೆಸರು ಮಾತ್ರ ಹಾಗೇ ಉಳಿಯಿತು. ಅಮೆರಿಕಕ್ಕೆ ಕಳಿಸುವಾಗ ಟರ್ಬೊ ಕಿತ್ತು ಕೆಎ24 ಅನ್ನೋ 2.4 ಲೀಟರ್ ಎಂಜಿನ್ ಇಟ್ಟರು. ಅದೇ ಕುಟುಂಬದ ಎಂಜಿನ್ ಇಲ್ಲಿನ ನಿಸ್ಸಾನ್ ಪಿಕಪ್ ಟ್ರಕ್ಕಿನಲ್ಲೂ ಇತ್ತು. ನನ್ನದರಲ್ಲಿ ಇದ್ದದ್ದು ಡಬಲ್ ಕ್ಯಾಮ್‌ನದು (ವಾಲ್ವ್ ತೆರೆಸುವ ಶಾಫ್ಟ್ ಎರಡು), 155 ಹಾರ್ಸ್‌ಪವರ್. ಬೋರ್ (ಸಿಲಿಂಡರಿನ ಅಗಲ) 89 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 96 ಮಿ.ಮೀ. ಪಿಸ್ಟನ್ ಅಷ್ಟುದ್ದ ಓಡಾಡಬೇಕು, ಹಾಗಾಗಿ ಜಾಸ್ತಿ ಆರ್‌ಪಿಎಮ್ ಅಂದರೆ ಅದಕ್ಕೆ ಆಗಲ್ಲ. ಎತ್ತಿನ ಹಾಗೆ ಎಳೆಯುತ್ತದೆ, ಆದರೆ ಓಡು ಅಂದರೆ ಮುಖ ಸಿಂಡರಿಸುತ್ತದೆ.

ಆ ಎಂಜಿನ್ನಿಗೇ ಟರ್ಬೊ ಕೂರಿಸುವವರು ಬಹಳ ಜನ ಇದ್ದಾರೆ. ಕಬ್ಬಿಣದ ಬ್ಲಾಕು, ಗಟ್ಟಿ. ನಿಜ ಹೇಳಬೇಕೆಂದರೆ ಅದೇ ಜಾಣತನ ಇರಬಹುದು. ಆದರೆ ಅದರ ಕಂಪ್ರೆಷನ್ ಅನುಪಾತ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನೋದು) 9.5, ಟರ್ಬೊ ಗಾಳಿ ತುಂಬಿದರೆ ನಾಕಿಂಗ್ (ಪೆಟ್ರೋಲ್ ತಾನಾಗೇ ಸಿಡಿದು ಎಂಜಿನ್ ಬಡಿಯೋದು) ಬೇಗ ಶುರುವಾಗುತ್ತದೆ. ಮ್ಯಾನಿಫೋಲ್ಡು, ಇಂಜೆಕ್ಟರು, ಟ್ಯೂನಿಂಗು, ಎಲ್ಲ ನಾನೇ ಹೊಂದಿಸಬೇಕು. ನಾನು ಹಾಕುತ್ತಿರುವ ಜಪಾನಿನ ಆ 2 ಲೀಟರ್ ಟರ್ಬೊ, ಎಸ್‌ಆರ್20ಡಿಇಟಿ, ಹಾಗಲ್ಲ. ಕಂಪೆನಿಯವರೇ ಟರ್ಬೊಗೆ ಅಂತ ಮಾಡಿದ್ದು. ಕಂಪ್ರೆಷನ್ 8.5, ಪಿಸ್ಟನ್ ಕೆಳಗಿನಿಂದ ಎಣ್ಣೆ ಚಿಮ್ಮಿಸಿ ತಂಪು ಮಾಡುವ ವ್ಯವಸ್ಥೆ, 205 ಪಿಎಸ್ ಶಕ್ತಿ (ಪಿಎಸ್ ಅಂದರೆ ಹೆಚ್ಚುಕಮ್ಮಿ ಹಾರ್ಸ್‌ಪವರೇ). ಬೋರ್ ಸ್ಟ್ರೋಕ್ ಎರಡೂ 86 ಮಿ.ಮೀ. ಅದೇ ಕಾರಿಗೆ ಹುಟ್ಟಿದ ಎಂಜಿನ್, ಹಾಗಾಗಿ ಕ್ರಾಸ್‌ಮೆಂಬರ್ (ಎಂಜಿನ್ ಕೂರುವ ಅಡ್ಡ ಕಂಬಿ) ಕತ್ತರಿಸುವ ಕೆಲಸವೂ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇದ್ದಿದ್ದರೆ ಈ ಆಸೆ ಬಿಡಬೇಕಿತ್ತು. ಅಮೆರಿಕದಲ್ಲಿ ಮಾರಾಟವೇ ಆಗದ ಎಂಜಿನ್ನನ್ನು ಅಲ್ಲಿನ ಸ್ಮಾಗ್ ಪರೀಕ್ಷೆಯಲ್ಲಿ ಪಾಸ್ ಮಾಡಿಸೋದು ಆಗದ ಮಾತು. ಮಿಶಿಗನ್‌ನಲ್ಲಿ ಹೊಗೆ ಪರೀಕ್ಷೆಯೇ ಇಲ್ಲ.

ರಾತ್ರಿ ಹಾಸನಕ್ಕೆ ವಿಡಿಯೊ ಕಾಲ್ ಮಾಡಿ ಅಪ್ಪನಿಗೆ ತೋರಿಸಿದೆ. ಮೂವತ್ತು ವರ್ಷ ಅಂಬಾಸಿಡರ್ ಓಡಿಸಿದವರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, “ಓಡ್ತಾ ಇದ್ದ ಎಂಜಿನ್ನು ಯಾಕೋ ಕಿತ್ತೆ?” ಅಂದರು. ಉತ್ತರ ಹೊಳೆಯಲಿಲ್ಲ.

ಏಪ್ರಿಲ್ 26, ಶನಿವಾರ

ಇವತ್ತು ಸ್ಟ್ಯಾಂಡಿನ ಮೇಲೆ ಹೊಸ ಎಂಜಿನ್. ಹೊಸದು ಅಂದರೆ ನನಗೆ ಹೊಸದು. ಜಪಾನಿನಿಂದ ‘ಫ್ರಂಟ್ ಕ್ಲಿಪ್’ ಅಂತ ಬರುತ್ತದೆ. ಕಾರನ್ನು ಬ್ರೆಡ್ಡಿನ ಹಾಗೆ ಅಡ್ಡಕ್ಕೆ ಕುಯ್ದು ಮುಂದಿನ ಅರ್ಧ ಮಾತ್ರ ಕಳಿಸುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ವೈರಿಂಗ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಲ್ಲ ಒಟ್ಟಿಗೆ ಸಿಗುತ್ತದೆ. ಬಿಡಿಬಿಡಿಯಾಗಿ ಹುಡುಕುವುದಕ್ಕಿಂತ ಇದೇ ವಾಸಿ. ಕ್ಲಿಪ್ ಬಂದ ದಿನ ನನಗೆ ಶಿವಾಜಿನಗರದ ಗುಜರಿ ಅಂಗಡಿಗಳ ವಾಸನೆ ನೆನಪಾಯಿತು. ಹಳೆ ಎಣ್ಣೆ, ಧೂಳು, ರಬ್ಬರ್. ಸಮುದ್ರ ದಾಟಿದರೂ ಅದೇ ವಾಸನೆ.

ನಾಲ್ಕು ಸಿಲಿಂಡರಿನ ಒಳಗಿನ ಒತ್ತಡ ಅಳೆದು ನೋಡಿದ್ದು 155, 150, 155, 150 ಪಿಎಸ್‌ಐ. ನಾಲ್ಕೂ ಹತ್ತಿರ ಹತ್ತಿರ ಇವೆ. ನಂಬರ್ ಎಷ್ಟು ಅನ್ನೋದಕ್ಕಿಂತ ಒಂದಕ್ಕೊಂದು ಸಮ ಇರೋದು ಮುಖ್ಯ. ಟರ್ಬೊದ ಚಕ್ರ ಬೆರಳಲ್ಲಿ ಹಿಡಿದು ಅಲ್ಲಾಡಿಸಿದೆ. ಅಡ್ಡಕ್ಕೆ ಕೂದಲೆಳೆಯಷ್ಟು ಆಟ, ಉದ್ದಕ್ಕೆ ಸ್ವಲ್ಪವೂ ಇಲ್ಲ. ಸರಿ ಇದೆ.

ಆಮೇಲೆ ಆ ಹೆಸರಾದ ಕೆಂಪು ಮುಚ್ಚಳ ಬಿಚ್ಚಿದೆ. ಈ ಎಂಜಿನ್ನಿನ ವೀಕ್‌ನೆಸ್ ಇರೋದು ಅದರ ಕೆಳಗೆ. ಕ್ಯಾಮ್ ನೇರ ವಾಲ್ವನ್ನು ಒತ್ತಲ್ಲ. ನಡುವೆ ‘ವೈ’ ಆಕಾರದ ರಾಕರ್ ಇದೆ. ಒಂದೊಂದು ರಾಕರ್ ಎರಡೆರಡು ವಾಲ್ವ್ ಒತ್ತುತ್ತದೆ. ಹದಿನಾರು ವಾಲ್ವಿಗೆ ಎಂಟು ರಾಕರ್. ಇವನ್ನು ಜಾಗದಲ್ಲಿ ಬಿಗಿದು ಹಿಡಿಯಲು ಬೋಲ್ಟೂ ಇಲ್ಲ, ಶಾಫ್ಟೂ ಇಲ್ಲ, ಸುಮ್ನೆ ಕೂತಿರುತ್ತವೆ. ಗೇರ್ ತಪ್ಪಿಸಿ ಆರ್‌ಪಿಎಮ್ ಮಿತಿ ಮೀರಿದರೆ ಒಂದು ಎಗರಿ ಬೀಳುತ್ತದೆ. ಅದು ಬೇರೆ ಕಡೆ ಸಿಕ್ಕಿಕೊಂಡರೆ ಆ ಎಂಜಿನ್ ಕಥೆ ಮುಗಿದ ಹಾಗೆ. ಟಾರ್ಚ್ ಹಿಡಿದು ಎಂಟನ್ನೂ ನೋಡಿದೆ. ಗೀರಿಲ್ಲ. ಎಗರದಂತೆ ತಡೆಯುವ ಸ್ಟಾಪರ್‌ಗಳನ್ನು ತರಿಸಿ ಹಾಕಿದೆ.

ನೀರಿನ ಪಂಪು, ಥರ್ಮೋಸ್ಟಾಟ್, ಹಿಂದಿನ ಮೇನ್ ಸೀಲ್, ಕ್ಲಚ್ಚು, ಟರ್ಬೊಗೆ ಹೋಗುವ ಎಣ್ಣೆ ಪೈಪಿನ ತಾಮ್ರದ ವಾಶರ್‌ಗಳು, ಎಲ್ಲ ಹೊಸದು. ಎಂಜಿನ್ ಹೊರಗಿದ್ದಾಗ ಅರ್ಧ ಗಂಟೆಯ ಕೆಲಸ, ಒಳಗೆ ಹೋದ ಮೇಲೆ ಅರ್ಧ ದಿನ. ಲೆಕ್ಕದ ಪುಸ್ತಕ ನೋಡಿದರೆ ಎಂಜಿನ್ನಿಗೆ ಒಂದೇ ಸಾಲು, ಹೋಸು ವಾಶರು ಕ್ಲಾಂಪುಗಳಿಗೆ ಎರಡು ಪುಟ.

ಒಂದು ಸಣ್ಣ ತೊಂದರೆ. ಜಪಾನಿನ ಗೇರ್‌ಬಾಕ್ಸಿನಲ್ಲಿ ಸ್ಪೀಡ್ ಸೆನ್ಸರಿನ ಕನೆಕ್ಟರ್ ಮುರಿದಿದೆ. ಪರವಾಗಿಲ್ಲ, ಹೇಗೂ ನಮ್ಮ ಹಳೆ ಗೇರ್‌ಬಾಕ್ಸಿನದನ್ನೇ ತೆಗೆದು ಹಾಕಬೇಕು. ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಮೇ 10, ಶನಿವಾರ

ಎಂಜಿನ್, ಗೇರ್‌ಬಾಕ್ಸ್ ಒಳಗೆ ಕೂತವು. ಅದರ ಬಗ್ಗೆ ಬರೆಯಲು ಏನೂ ಇಲ್ಲ, ಅಷ್ಟು ಸಲೀಸು. ಹಳೆ ಪ್ರೊಪೆಲ್ಲರ್ ಶಾಫ್ಟೇ ಸರಿಹೋಯಿತು.

ಕಷ್ಟ ಶುರುವಾಗಿದ್ದು ವೈರಿಂಗಿನಲ್ಲಿ. ಜಪಾನಿನ ಹಾರ್ನೆಸ್ಸಿನ (ವೈರುಗಳ ಕಟ್ಟು) ಬಹುಪಾಲು ಎಂಜಿನ್ನಿಗೇ ಸೇರಿದ್ದು. ಆದರೆ ಕೊನೆಯ ಕೆಲವು ವೈರುಗಳು ಈ ಕಾರಿನ ವೈರಿಂಗಿಗೆ ಸೇರಬೇಕು. ಇಗ್ನಿಷನ್ ಕರೆಂಟು, ಸ್ಟಾರ್ಟರ್, ಪೆಟ್ರೋಲ್ ಪಂಪಿನ ರಿಲೇ, ಆರ್‌ಪಿಎಮ್ ಮುಳ್ಳು, ಟೆಂಪರೇಚರ್ ಮುಳ್ಳು. ಭಾವಮೈದ ಸಹಾಯಕ್ಕೆ ಬಂದಿದ್ದ. ಅವನು ಸಾಫ್ಟ್‌ವೇರ್‌ನವನು, ಪಾನಾ ಕೊಡು ಅಂದರೆ ಸ್ಕ್ರೂಡ್ರೈವರ್ ಕೊಡುತ್ತಾನೆ. ಆದರೆ ಎರಡು ವೈರಿಂಗ್ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಒಂದೊಂದೇ ಟಿಕ್ ಮಾಡುವುದರಲ್ಲಿ ನನಗಿಂತ ಎಷ್ಟೋ ಮೇಲು.

“ಭಾವ, ಇದು ಹಸಿರು ಮೇಲೆ ಕಪ್ಪು ಗೆರೆನಾ, ಕಪ್ಪು ಮೇಲೆ ಹಸಿರು ಗೆರೆನಾ?”

ಇದೊಂದೇ ಪ್ರಶ್ನೆ ಇಡೀ ಮಧ್ಯಾಹ್ನ. ಮೂವತ್ತು ವರ್ಷದ ವೈರಿನಲ್ಲಿ ಎರಡೂ ಒಂದೇ ಥರ ಮಾಸಲು. ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಕಿಟಕಿ ಬೆಳಕಿಗೆ ಹಿಡಿದು ನೋಡಬೇಕು. ಆಮೇಲೂ ನಂಬದೆ ಮಲ್ಟಿಮೀಟರ್ ಹಚ್ಚಿ, ಬೀಪ್ ಅಂದರೆ ಮಾತ್ರ ಕತ್ತರಿ.

ಪ್ರತಿ ಜೋಡಣೆಗೂ ಮೊದಲು ಹೀಟ್ ಶ್ರಿಂಕ್ ಕೊಳವೆ (ಬಿಸಿಗೆ ಕುಗ್ಗಿ ಜೋಡಣೆಯನ್ನು ಮುಚ್ಚುವುದು) ಒಂದು ತುದಿಗೆ ಏರಿಸಿಕೊಳ್ಳಬೇಕು. ಬೆಸುಗೆ ಹಾಕಿ, ಆರಿಸಿ, ಆಹಾ ಎಷ್ಟು ನೀಟಾಗಿ ಬಂತು ಅಂತ ನೋಡುವಾಗ ಕೊಳವೆ ಮೇಜಿನ ಮೇಲೇ ಇರುತ್ತದೆ. ಇವತ್ತು ನಾಲ್ಕು ಸಲ ಹಾಗಾಯಿತು. ಐದನೇ ಸಲ ಭಾವಮೈದ ನಾನು ಐರನ್ ಎತ್ತುವ ಮೊದಲೇ “ಕೊಳವೆ” ಅಂದ.

ಹಳೆ ಎಂಜಿನ್ ಕೊಳ್ಳಲು ಊರಿನ ಆ ತುದಿಯಿಂದ ಒಬ್ಬ ಹುಡುಗ ಬಂದಿದ್ದ. ಅವನ ಹತ್ತಿರವೂ ಇದೇ ಕಾರು, ಎಂಜಿನ್ ಕೈ ಕೊಟ್ಟಿದೆಯಂತೆ. ಗೇರ್‌ಬಾಕ್ಸೂ ಕೊಡ್ತೀರಾ ಅಂದ. ಕೊಟ್ಟೆ. ಗ್ಯಾರೇಜಿನಲ್ಲಿ ಕಾಲಿಡಲು ಜಾಗವಾಯಿತು.

ಮೇ 24, ಶನಿವಾರ

ಸ್ಟಾರ್ಟ್ ಆಯಿತು!

ಟರ್ಬೊ ಎಂಜಿನ್ನನ್ನು ಒಣಗಿದ ಹಾಗೇ ಸ್ಟಾರ್ಟ್ ಮಾಡಬಾರದು. ಟರ್ಬೊದ ಶಾಫ್ಟ್ ತಿರುಗೋದು ಎಣ್ಣೆಯ ಪದರದ ಮೇಲೆ. ಪ್ಲಗ್ಗುಗಳನ್ನು ಬಿಚ್ಚಿ, ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ಕಿತ್ತು, ಬರೀ ಸ್ಟಾರ್ಟರಿನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಎಣ್ಣೆ ಒತ್ತಡದ ಮುಳ್ಳು ಮೇಲೆದ್ದ ಮೇಲೆ ಎಲ್ಲ ಜೋಡಿಸಿದೆ. ಟ್ಯಾಂಕಿಗೆ ಗಂಟೆಗೆ 255 ಲೀಟರ್ ತಳ್ಳುವ ಪಂಪು ಹಾಕಿದ್ದೇನೆ. ಕೀ ತಿರುಗಿಸಿದ ತಕ್ಷಣ ಹಿಂದಿನಿಂದ ಜೇನುಹುಳದ ಸದ್ದು. ಎರಡನೇ ಸಲಕ್ಕೆ ಹಿಡಿಯಿತು. ಟರ್ಬೊದ ಹಳೆ ಎಣ್ಣೆ ಸುಟ್ಟು ಗ್ಯಾರೇಜ್ ತುಂಬ ಹೊಗೆ. ಹೆಂಡತಿ ಒಳಗಿನ ಬಾಗಿಲು ತೆರೆದು, “ರೀ, ಇದು ಸರಿಯಾಗಿದ್ದಕ್ಕಾ, ಕೆಟ್ಟಿದ್ದಕ್ಕಾ ಈ ಹೊಗೆ?” ಅಂತ ಕೇಳಿ ಬಾಗಿಲು ಹಾಕಿಕೊಂಡಳು.

ಆದರೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಸುಮ್ನೆ ಓಡುವಾಗಿನ ಆರ್‌ಪಿಎಮ್) ಒಂದೇ ಕಡೆ ನಿಲ್ಲುತ್ತಿಲ್ಲ. 600ಕ್ಕೆ ಇಳಿಯುತ್ತದೆ, 1500ಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ. ಉಸಿರಾಟ ಕಷ್ಟ ಆದವರ ಹಾಗೆ.

ಜೂನ್ 7, ಶನಿವಾರ

ಎರಡು ವಾರ ತಪ್ಪು ಜಾಗದಲ್ಲಿ ಹುಡುಕಿದೆ. ವೈರಿಂಗೇ ತಪ್ಪಾಗಿರಬೇಕು ಅಂತ ಒಂದೊಂದು ಜೋಡಣೆಯನ್ನೂ ಮತ್ತೆ ನೋಡಿದೆ. ಟೈಮಿಂಗ್ ಲೈಟ್ ಹಚ್ಚಿ ಪ್ಲಗ್ಗಿನ ಕಿಡಿ ಹೊತ್ತಿಗೆ ಸರಿಯಾಗಿ ಬರುತ್ತದಾ ನೋಡಿದೆ, ಇರಬೇಕಾದ 15 ಡಿಗ್ರಿಯಲ್ಲೇ ಇದೆ. ಇಂಜೆಕ್ಟರ್ ಮೇಲೆ ಸಂಶಯಪಟ್ಟೆ. ಪಾಪ, ಅವುಗಳ ತಪ್ಪೇನೂ ಇರಲಿಲ್ಲ.

ಈ ಎಂಜಿನ್ನಿನಲ್ಲಿ ಗಾಳಿ ಒಳಗೆ ಬರುವ ಬಾಗಿಲಲ್ಲೇ ಏರ್‌ಫ್ಲೋ ಮೀಟರ್ ಇದೆ. ಅದು ಎಷ್ಟು ಗಾಳಿ ಅಂತ ಹೇಳುತ್ತದೋ ಇಸಿಯು ಅಷ್ಟಕ್ಕೇ ಪೆಟ್ರೋಲ್ ಅಳೆದು ಕೊಡುತ್ತದೆ. ಮೀಟರ್ ದಾಟಿದ ಮೇಲೆ ಎಲ್ಲೋ ಒಂದು ತೂತಿನಿಂದ ಗಾಳಿ ನುಸುಳಿದರೆ ಅದು ಲೆಕ್ಕಕ್ಕೆ ಬಂದಿರಲ್ಲ. ಟರ್ಬೊ ಒತ್ತುವಾಗ ಉಲ್ಟಾ, ಲೆಕ್ಕಕ್ಕೆ ಬಂದ ಗಾಳಿ ಅದೇ ತೂತಿನಿಂದ ಹೊರಗೆ ಹೋಗುತ್ತದೆ. ಎರಡೂ ಕಡೆ ಪೆಟ್ರೋಲ್ ಲೆಕ್ಕ ತಪ್ಪುತ್ತದೆ.

ಪಿವಿಸಿ ಪೈಪಿನ ಮುಚ್ಚಳಕ್ಕೆ ತೂತು ಕೊರೆದು, ಟೈರಿನ ವಾಲ್ವ್ ಕೂರಿಸಿ, ಟರ್ಬೊ ಬಾಯಿಗೆ ಕ್ಲಾಂಪ್ ಮಾಡಿದೆ. ಕಂಪ್ರೆಸರಿನಿಂದ ಹತ್ತು ಪಿಎಸ್‌ಐ ಗಾಳಿ ಬಿಟ್ಟು, ಪಾತ್ರೆ ತೊಳೆಯುವ ಸೋಪಿನ ನೀರು ಎಲ್ಲ ಜಾಯಿಂಟಿಗೂ ಚಿಮುಕಿಸಿದೆ. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತಾನಲ್ಲ, ಅದೇ ವಿದ್ಯೆ. ಇಂಟರ್‌ಕೂಲರ್‌ನಿಂದ (ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಂಪು ಮಾಡುವುದು) ಥ್ರಾಟಲ್‌ಗೆ ಬರುವ ಸಿಲಿಕೋನ್ ಹೋಸಿನ ಕೆಳಭಾಗದಲ್ಲಿ ನೊರೆ ಉಕ್ಕಿತು. ಬಿಚ್ಚಿ ನೋಡಿದರೆ ಕ್ಲಾಂಪ್ ಹೋಸಿನ ಮೇಲೆ ಅರ್ಧ, ಹೊರಗೆ ಅರ್ಧ. ಬಿಗಿದವನು ನಾನೇ.

ಎರಡು ನಿಮಿಷದ ಕೆಲಸ. ಈಗ ಐಡ್ಲಿಂಗ್ 850, ಮುಳ್ಳು ಅಲ್ಲಾಡುತ್ತಿಲ್ಲ.

ಜೂನ್ 14, ಶನಿವಾರ

ಮೊದಲ ಓಟ. ಟ್ಯಾಂಕಿಗೆ 93 ಆಕ್ಟೇನ್ ಪೆಟ್ರೋಲ್. ಇಲ್ಲಿ ಲೆಕ್ಕ ಹಾಕುವ ರೀತಿ ಬೇರೆ, ಜಪಾನಿನ ಲೆಕ್ಕದಲ್ಲಿ ಸುಮಾರು 98 ಆಗುತ್ತದೆ. ಅಲ್ಲಿ ಪ್ರೀಮಿಯಂ ಅಂದರೆ 100. ಆಕ್ಟೇನ್ ಕಮ್ಮಿ ಇದ್ದಷ್ಟೂ ನಾಕಿಂಗ್ ಬೇಗ. ಹಾಗಾಗಿ ಬೂಸ್ಟನ್ನು (ಟರ್ಬೊ ತುಂಬುವ ಗಾಳಿಯ ಒತ್ತಡ) ಕಂಪೆನಿ ಇಟ್ಟ ಅರ್ಧ ಬಾರ್‌ನಲ್ಲೇ ಬಿಟ್ಟಿದ್ದೇನೆ. ಆಸೆ ಇದೆ, ಆದರೆ ಅವಸರ ಇಲ್ಲ.

ಬಡಾವಣೆ ದಾಟುವವರೆಗೆ ಮೆಲ್ಲಗೆ ಹೋದೆ. ಎಣ್ಣೆ ಬಿಸಿಯಾಗಲಿ ಅಂತ. ಎರಡು ಸಾವಿರ ಆರ್‌ಪಿಎಮ್‌ವರೆಗೆ ಹಳೆ ಎಂಜಿನ್ನೇ ವಾಸಿ ಅನ್ನಿಸಿತು. ಇದರಲ್ಲಿ ಕೆಳಗಡೆ ಪಿಕಪ್ ಕಮ್ಮಿ. ನೇರ ರಸ್ತೆ ಸಿಕ್ಕಿತು, ಮುಂದೆ ಯಾರೂ ಇಲ್ಲ. ಮೂರನೇ ಗೇರಿನಲ್ಲಿ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮುಂದಿನಿಂದ ಸಣ್ಣ ಸೀಟಿ, ಬೂಸ್ಟ್ ಮುಳ್ಳು ಸೊನ್ನೆ ದಾಟಿತು, ಸೀಟು ಬೆನ್ನಿಗೆ ಬಂದು ಒತ್ತಿತು. ಪಕ್ಕದಲ್ಲಿದ್ದ ಭಾವಮೈದನ ಕೈ ತಾನಾಗೇ ಬಾಗಿಲ ಹಿಡಿಗೆ ಹೋಯಿತು.

“ಭಾವ, ಸ್ಪೀಡ್ ಎಷ್ಟು?”

ಕೆಳಗೆ ನೋಡಿದೆ. ಮುಳ್ಳು ಸೊನ್ನೆಯಲ್ಲಿ ಹಾಯಾಗಿ ಮಲಗಿತ್ತು.

ಸ್ಪೀಡ್ ಸೆನ್ಸರ್! ಹಳೆ ಗೇರ್‌ಬಾಕ್ಸಿನಲ್ಲೇ ಇದೆ. ಹಳೆ ಗೇರ್‌ಬಾಕ್ಸ್ ಊರಿನ ಆ ತುದಿಯಲ್ಲಿದೆ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ಏಪ್ರಿಲ್ 26ರ ಪುಟದಲ್ಲಿ ನನ್ನದೇ ಕೈಬರಹ, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ. ಆ ಹುಡುಗನಿಗೆ ಮೆಸೇಜ್ ಹಾಕಿದ್ದೇನೆ. ಗೇರ್‌ಬಾಕ್ಸನ್ನು ಮೊನ್ನೆ ತಾನೇ ಕಾರಿಗೆ ಕೂರಿಸಿದನಂತೆ.