ಸ್ಕಿನ್ ಕಲರ್

ಮೂರು ವಾರದಿಂದ ಒಂದು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುತ್ತಿದ್ದೇನೆ. 32 ಪುಟ. (ಚಿತ್ರಪುಸ್ತಕ ಅಂದರೆ ಹೆಚ್ಚಾಗಿ 32 ಪುಟವೇ. ದೊಡ್ಡ ಹಾಳೆ ಮಡಚಿದರೆ 16 ಪುಟ, ಅಂಥವು ಎರಡು.) ಕಥೆ ಸಣ್ಣದು. ತನ್ನ ಗುಂಗುರು ಕೂದಲು, ಕಪ್ಪು ಮೈಬಣ್ಣ ಕಂಡರೆ ಆಗದ ಹುಡುಗಿಗೆ ಅವೇ ನಿಧಾನಕ್ಕೆ ಇಷ್ಟವಾಗುತ್ತವೆ.

ಕೂದಲು ಸುಲಭ. ಬ್ರಶ್ ಸುಮ್ನೆ ಸುತ್ತಿಸುತ್ತಾ ಹೋದರೆ ಆಯಿತು. ಸತಾಯಿಸಿದ್ದು ಮೈಬಣ್ಣ. ಬರೀ ಕಂದು ಹಚ್ಚಿದರೆ ಮರದ ಹಲಗೆ ಥರ ಕಾಣುತ್ತಾಳೆ. ಕಪ್ಪು ಬೆರೆಸಿದರೆ ಬೂದಿ ಬಳಿದ ಹಾಗೆ. ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣಕ್ಕೆ ಒಂಚೂರು ನೀಲಿ ಹಾಕಿ, ಹಾಳೆ ಒದ್ದೆ ಇರುವಾಗಲೇ ಕೆನ್ನೆಗೆ ಕೆಂಪು ಬಿಟ್ಟೆ. ಆಗ ಜೀವ ಬಂತು.

ಖುಷಿಯಿಂದ ಪ್ರಕಾಶಕರಿಗೆ ಕಳಿಸಿದೆ. "ಚೆನ್ನಾಗಿದೆ ಮೇಡಂ, ಕೊನೆ ಪುಟದಲ್ಲಿ ಅವಳು ಸ್ವಲ್ಪ ಬೆಳ್ಳಗೆ ಕಂಡರೆ ಚೆಂದ ಅಲ್ವಾ?" ಅಂತ ಉತ್ತರ ಬಂತು. ಕಥೆ ಓದಿದ್ದಾರೋ ಇಲ್ಲವೋ!

ಕೋಪ ಬಂತು. ಆಮೇಲೆ ಒಂದು ನೆನಪಾಯಿತು. ಎರಡನೇ ಕ್ಲಾಸಿನಲ್ಲಿ 'ನಮ್ಮ ಮನೆ' ಚಿತ್ರ ಬರೆದು ಅಪ್ಪ, ಅಮ್ಮ, ನಾನು, ಎಲ್ಲರಿಗೂ ತಿಳಿ ಗುಲಾಬಿ ಕ್ರೇಯಾನ್ ಹಚ್ಚಿದ್ದೆ. ಅದನ್ನೇ 'ಸ್ಕಿನ್ ಕಲರ್' ಅನ್ನುತ್ತಿದ್ದೆವು. ಅಮೆರಿಕದ ಕ್ರಯೋಲಾ ಕಂಪನಿ 'ಫ್ಲೆಶ್' ಅನ್ನುವ ಬಣ್ಣದ ಹೆಸರನ್ನು 1962ರಲ್ಲೇ 'ಪೀಚ್' ಅಂತ ಬದಲಿಸಿತ್ತು. ನಮ್ಮ ಬಾಯಲ್ಲಿ ಮಾತ್ರ ಅದು ಹಾಗೇ ಉಳಿದಿದೆ. ನಮ್ಮ ಮನೆಯಲ್ಲಿ ಆ ಬಣ್ಣದವರು ಒಬ್ಬರೂ ಇಲ್ಲ!

ಕೊನೆ ಪುಟ ಬದಲಿಸಿಲ್ಲ. ಬೇಕಾದರೆ ಹಿಂದಿನ ಗೋಡೆ ಬೆಳ್ಳಗೆ ಮಾಡಿಕೊಡುತ್ತೇನೆ ಅಂತ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.